ಇಳಿಜಾರಿನ ನಾಡು, ದಣಿಯದ ಕಾಲು

ಮಂಗಳೂರಿನಿಂದ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರ ಬಂದು ಪುತ್ತೂರನ್ನು ಸೇರಿದ ಪ್ರವಾಸಿ, ಮಹಾಲಿಂಗೇಶ್ವರ ದೇವಾಲಯದ ಬಳಿ ಹರಡಿಕೊಂಡಿರುವ ದೇವರಮಾರು ಗದ್ದೆಯನ್ನು ಒಮ್ಮೆ ಕಣ್ತುಂಬ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿಂದ ಪೂರ್ವಾಭಿಮುಖನಾಗಿ ಹೊರಟವನಿಗೆ ಅಷ್ಟು ಅಗಲವಾದ ಸಮತಟ್ಟು ನೆಲ ಮತ್ತೆ ಸಿಕ್ಕುವುದು ಅಪೂರ್ವ. ಗುಡ್ಡೆಯನ್ನು ಏರಿದರೆ ಇಳಿಜಾರು; ಇಳಿಜಾರು ಮುಗಿದಲ್ಲಿ ಅಡಿಕೆಯ ತೋಟ; ತೋಟದ ಅಂಚಿನಲ್ಲಿ ತೋಡು; ತೋಡಿನ ಮೇಲೊಂದು ಸಂಕ; ಸಂಕವನ್ನು ದಾಟಿದೊಡನೆ ಮತ್ತೆ ಗುಡ್ಡೆ. ಹೀಗೆ ಏರುತ್ತಲೂ ಇಳಿಯುತ್ತಲೂ ಸಾಗುವ ನೆಲ, ಕೊನೆಗೆ ಪಶ್ಚಿಮ ಘಟ್ಟದ ಗೋಡೆಗೆ ಹೋಗಿ ತಾಗುತ್ತದೆ. ಪುತ್ತೂರು, ಸುಳ್ಯ, ಇವೆರಡರಿಂದಲೂ ಗ್ರಾಮಗಳನ್ನು ಪಡೆದು ಇತ್ತೀಚಿನ ವರ್ಷಗಳಲ್ಲಿ ರೂಪುಗೊಂಡ ಕಡಬ — ಈ ಮೂರು ತಾಲೂಕುಗಳ ಚಿತ್ರವೆಲ್ಲ ಸ್ಥೂಲವಾಗಿ ಇಷ್ಟೇ.

ಇಲ್ಲಿ ಊರೆಂದರೆ ಬಯಲುಸೀಮೆಯಲ್ಲಿರುವಂತೆ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳ ಸಾಲಲ್ಲ. ತೋಟಕ್ಕೊಂದು ಮನೆ; ಮನೆಗೂ ಮನೆಗೂ ನಡುವೆ ಒಂದು ಗುಡ್ಡೆ. ನೆರೆಮನೆಯಿಂದ ಮಜ್ಜಿಗೆಗೆ ಹೆಪ್ಪು ತರಬೇಕಾದರೂ ಒಂದು ಇಳಿತ, ಒಂದು ಏರಿಕೆ ತಪ್ಪಿದ್ದಲ್ಲ. ಇಂಥ ನೆಲದಲ್ಲಿ ಹುಟ್ಟಿ ಬೆಳೆದವರ ಕಾಲಿಗೆ ಬಲ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನು ಎಂದು ಯಾರಾದರೂ ಕೇಳಬಹುದು. ಆದರೆ ವಿಚಾರ ಅಷ್ಟು ಸುಲಭವಲ್ಲ. ದಣಿವನ್ನು ಲೆಕ್ಕಿಸದೆ ಗಂಟೆಗಟ್ಟಲೆ ನಡೆಯುವ, ಓಡುವ ಶಕ್ತಿ ಮನುಷ್ಯನಿಗೆ ಮಣ್ಣಿನಿಂದ ಬರುತ್ತದೆಯೆ, ವಂಶದಿಂದ ಬರುತ್ತದೆಯೆ? ಜಗತ್ತಿನ ವಿಜ್ಞಾನಿಗಳು ಹಲವು ದಶಕಗಳಿಂದ ಚರ್ಚಿಸುತ್ತಿರುವ ಈ ಪ್ರಶ್ನೆಗೆ ಉತ್ತರವನ್ನು ಅರಸುವವರಿಗೆ ಈ ಮೂರು ತಾಲೂಕುಗಳ ಸಂಚಾರ ಒಂದು ಸೊಗಸಾದ ಪಾಠವಾಗಬಲ್ಲುದು.

ಹಳೆಯ ಹೆಜ್ಜೆಗಳು

ಪುತ್ತೂರು ತಾಲೂಕಿನ ಪಡುಮಲೆ ಕೋಟಿ–ಚೆನ್ನಯರ ಹೆಸರಿನೊಡನೆ ಬೆಸೆದುಕೊಂಡ ಸ್ಥಳ. ತುಳುವರ ಪಾಡ್ದನಗಳು ಹಾಡುವ ಈ ಅವಳಿ ವೀರರು ಪಡುಮಲೆಯ ಬಲ್ಲಾಳನೊಡನೆ ಮನಸ್ಸು ಮುರಿದುಕೊಂಡು, ಹುಟ್ಟಿದ ನೆಲವನ್ನು ತೊರೆದು ಪಂಜದ ಕಡೆಗೆ ಹೊರಟರು. ಅಲ್ಲಿ ಅಕ್ಕ ಕಿನ್ನಿದಾರುವನ್ನು ಕಂಡು, ಸೆರೆಯ ಕಷ್ಟವನ್ನೂ ಅನುಭವಿಸಿ, ಕೊನೆಗೆ ಎಣ್ಮೂರಿನ ಆಶ್ರಯಕ್ಕೆ ಬಂದು, ಅಲ್ಲಿಯ ಕಾಳಗದಲ್ಲಿ ವೀರಮರಣವನ್ನು ಪಡೆದರೆಂಬುದು ಕಥೆ. ಪಡುಮಲೆಯಿಂದ ಪಂಜ, ಪಂಜದಿಂದ ಎಣ್ಮೂರು — ಭೂಪಟದ ಮೇಲೆ ಬೆರಳಿಟ್ಟು ನೋಡಿದರೆ ಕಥೆಯ ಉತ್ತರಾರ್ಧವೆಲ್ಲ ಈ ಮೂರು ತಾಲೂಕುಗಳ ಗುಡ್ಡೆಗಳನ್ನು ದಾಟುವ ಒಂದು ದೀರ್ಘ ಕಾಲ್ನಡಿಗೆಯೇ ಆಗಿದೆ. ಎಣ್ಮೂರಿನ ಗರಡಿಯ ಮುಂದೆ ನಿಂತ ಯಾತ್ರಿಕನಿಗೆ ವೀರರ ಕತ್ತಿಯ ನೆನಪಿನೊಡನೆ ಅವರ ಕಾಲಿನ ನೆನಪೂ ಆದರೆ ತಪ್ಪಲ್ಲ.

ಪಾಡ್ದನದಿಂದ ಇತಿಹಾಸಕ್ಕೆ ಬಂದರೂ ಇದೇ ಮಾತು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಬಳಿಕ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೊಡಗಿನಿಂದ ಬೇರ್ಪಟ್ಟು ಕನ್ನಡ ಜಿಲ್ಲೆಗೆ ಸೇರಿದವು. ಧಾನ್ಯರೂಪದಲ್ಲಿ ಕಂದಾಯವನ್ನು ಕೊಡುತ್ತಿದ್ದ ರೈತ ಅದನ್ನು ಹಣವಾಗಿಯೇ ತೆರಬೇಕೆಂಬ ಕಟ್ಟಳೆ ಬಂದಿತು. ಕೈಯಲ್ಲಿ ಕಾಸು ಕಾಣದ ರೈತನ ಹೊಟ್ಟೆಯ ಉರಿ 1837ರ ಮಾರ್ಚಿಯ ಕೊನೆಯಲ್ಲಿ ಹೊತ್ತಿಕೊಂಡಿತು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಒಟ್ಟಾದ ಜನ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ದಾರಿಯಾಗಿ ಏಪ್ರಿಲ್ 5ರಂದು ಮಂಗಳೂರನ್ನು ಮುಟ್ಟಿದರು. ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು; ಹದಿಮೂರು ದಿನಗಳ ಕಾಲ ಮಂಗಳೂರು ಅವರ ಕೈಯಲ್ಲಿತ್ತು. ಸುಳ್ಯದಿಂದ ಮಂಗಳೂರಿಗೆ ಎಂಬತ್ತು ಕಿಲೋಮೀಟರಿಗೂ ಮಿಕ್ಕಿದ ದೂರ. ಬಹುಪಾಲು ಜನ ನೇಗಿಲು ಹಿಡಿದ ಸಾಮಾನ್ಯರು. ಕಾಲವೋ ವೈಶಾಖಕ್ಕೆ ಹತ್ತಿರವಾದ ಸುಡುಬಿಸಿಲಿನದು. ದಾರಿಯುದ್ದಕ್ಕೂ ಹೆಚ್ಚುತ್ತ ಹೋದ ಆ ಜನಸಮೂಹವನ್ನು ಮಂಗಳೂರಿಗೆ ಮುಟ್ಟಿಸಿದ್ದು ಛಲ ಒಂದೇ ಅಲ್ಲ. ದಿನದಿನದ ನಡಿಗೆಯಿಂದ ಪಳಗಿದ ಕಾಲುಗಳೂ ಹೌದು.

ಬಂಡಾಯವೂ ಯುದ್ಧವೂ ಎಂದೋ ಒಮ್ಮೆ ಬರುವಂಥವು. ನಿತ್ಯದ ನಡಿಗೆಗೆ ಕಾರಣವಾಗಿದ್ದುದು ಉಪ್ಪು. ಕುಮಾರಧಾರೆಯೂ ನೇತ್ರಾವತಿಯೂ ಕೂಡುವ ಎಡೆಯಲ್ಲಿರುವ ಪೇಟೆಗೆ ಉಪ್ಪಿನಂಗಡಿ ಎಂದೇ ಹೆಸರು. ಕರಾವಳಿಯ ಉಪ್ಪು ಘಟ್ಟದ ಮೇಲಕ್ಕೆ, ಘಟ್ಟದ ಮೇಲಿನ ಧಾನ್ಯ ಕೆಳಕ್ಕೆ — ಹೇರೆತ್ತುಗಳ ಗಂಟೆಯ ಸದ್ದಿನೊಡನೆ ಮನುಷ್ಯರೂ ನಡೆದರು. ಮಡಿಕೇರಿಯ ಕಡೆಗೆ ಸಂಪಾಜೆಯ ಘಟ್ಟ, ಸಕಲೇಶಪುರದ ಕಡೆಗೆ ಶಿರಾಡಿ, ಸುಬ್ರಹ್ಮಣ್ಯದ ಬೆನ್ನಿಗೆ ಬಿಸಿಲೆ. ಇಂದು ಬಸ್ಸು ಕಾರುಗಳು ಏದುಸಿರು ಬಿಡುತ್ತ ಹತ್ತುವ ಈ ದಾರಿಗಳು ಪಾದಚಾರಿಗಳ ಹೆಜ್ಜೆಗೂ ಪರಿಚಿತವೇ.

ಕುಮಾರಪರ್ವತದ ಪರೀಕ್ಷೆ

ಕಾಲಿನ ಶಕ್ತಿಯನ್ನು ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ ಈ ಸೀಮೆಯಲ್ಲಿ ಒಂದು ಪರೀಕ್ಷಾಮಂದಿರ ಉಂಟು. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರದ ಬೆನ್ನಿಗೆ ನಿಂತ ಕುಮಾರಪರ್ವತವೇ ಅದು. ಪುಷ್ಪಗಿರಿ ಎಂದೂ ಹೆಸರುಳ್ಳ ಇದರ ಎತ್ತರ 1,712 ಮೀಟರು. ಕ್ಷೇತ್ರವು ತಗ್ಗಿನಲ್ಲಿರುವುದರಿಂದ ಶಿಖರವನ್ನು ಮುಟ್ಟುವವನು ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚಿನ ಏರಿಕೆಯನ್ನು ಹತ್ತಲೇಬೇಕು. ಮೊದಲು ಬಿಸಿಲು ಕಾಣದ ದಟ್ಟ ಕಾಡು. ಬೇರುಗಳೇ ಮೆಟ್ಟಿಲುಗಳಾದ ಕಡಿದಾದ ದಾರಿ. ಗಿರಿಗದ್ದೆಯನ್ನು ದಾಟಿದ ಮೇಲೆ ಮರದ ನೆರಳು ಮುಗಿದು ಹುಲ್ಲುಗಾವಲಿನ ಬೆಟ್ಟ. ಕಲ್ಲುಮಂಟಪ, ಶೇಷಪರ್ವತ, ಅದರಾಚೆ ಮತ್ತೆ ಒಂದು ಇಳಿತ, ಒಂದು ಕಾಡು. ಅಲ್ಲಿಂದ ಮೇಲೆ ಶಿಖರ. ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು ಹತ್ತುವ ತರುಣರು ಮಾತಿನ ಮಲ್ಲರಾಗಿ ಹೊರಟು, ಶೇಷಪರ್ವತದ ಹೊತ್ತಿಗೆ ಮೌನವ್ರತವನ್ನು ಹಿಡಿದಿರುತ್ತಾರೆ.

ಈ ಮೌನದ ಹಿಂದೆ ದೇಹದೊಳಗೆ ದೊಡ್ಡದೊಂದು ವ್ಯವಹಾರ ನಡೆದಿರುತ್ತದೆ. ತೊಡೆಯ ಸ್ನಾಯುಗಳು ಪ್ರಾಣವಾಯುವನ್ನು ಬೇಡುತ್ತವೆ, ಶ್ವಾಸಕೋಶ ಅದನ್ನು ಸೆಳೆದುಕೊಡುತ್ತದೆ, ರಕ್ತ ಹೊರುತ್ತದೆ, ಹೃದಯ ನೂಕುತ್ತದೆ. ಸ್ನಾಯುವಿನ ಕಣಕಣದಲ್ಲಿಯೂ ಇರುವ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮವಾದ ಒಲೆಗಳಲ್ಲಿ ಆಹಾರ ಉರಿದು ಶಕ್ತಿಯಾಗುತ್ತದೆ. ಈ ಕೊಂಡಿಗಳಲ್ಲಿ ಯಾವುದೊಂದು ಸಡಿಲವಾದರೂ ಕಾಲು ನಿಲ್ಲುತ್ತದೆ. ಒಲೆಯಿದ್ದಲ್ಲಿ ಬಿಸಿಯೂ ಇರಲೇಬೇಕಷ್ಟೆ. ಆ ಬಿಸಿಯನ್ನು ಹೊರಗೆ ಹಾಕುವ ಕೆಲಸ ಬೆವರಿನದು. ಒಂದು ಲೀಟರು ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ದೇಹದಿಂದ ಹೊರಟುಹೋಗುತ್ತದೆ. ಆದರೆ ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿದ್ದು. ಬೆವರು ಆವಿಯಾಗದೆ ತೊಟ್ಟಿಕ್ಕಿ ಹೋಗುತ್ತದೆ, ತಂಪಿನ ಲಾಭ ಸಿಕ್ಕುವುದಿಲ್ಲ. ಆದುದರಿಂದಲೇ ಒಣಹವೆಯ ಊರಿನಲ್ಲಿ ಹಗುರವಾಗಿ ಓಡುವವನು ಇಲ್ಲಿ ಬೇಗನೆ ಬಸವಳಿಯುತ್ತಾನೆ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಈ ಸೀಮೆಯ ಕೆಲಸಗಾರರ ಕುಚ್ಚಲಕ್ಕಿಯ ಗಂಜಿಯಲ್ಲಿ ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿವೆ ಎಂಬುದನ್ನು ಗಮನಿಸಿದರೆ ಹಿರಿಯರ ಊಟದ ಜಾಣತನ ತಿಳಿಯುತ್ತದೆ.

ಮನುಷ್ಯನ ಈ ಬೆವರು ಪ್ರಾಣಿಪ್ರಪಂಚದಲ್ಲಿಯೇ ಒಂದು ವಿಶೇಷ. ಚಿರತೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಹಾರಿ ಬೀಳಬಹುದು. ಆದರೆ ಹಗಲ ಬಿಸಿಲಿನಲ್ಲಿ ಅದು ಹತ್ತು ಕಿಲೋಮೀಟರು ಓಡಲಾರದು. ಮೈಮೇಲಿನ ರೋಮವನ್ನು ಬಹುಮಟ್ಟಿಗೆ ಕಳೆದುಕೊಂಡು, ಲಕ್ಷಾಂತರ ಬೆವರುಗ್ರಂಥಿಗಳನ್ನು ಪಡೆದ ಮನುಷ್ಯನೋ ನಿಧಾನವಾಗಿಯಾದರೂ ಓಡುತ್ತಲೇ ಇರಬಲ್ಲನು. ಹಿಮ್ಮಡಿಯ ಮೇಲಿನ ಸ್ಪ್ರಿಂಗಿನಂತಹ ಉದ್ದವಾದ ಸ್ನಾಯುಬಂಧ, ಕಮಾನಿನಂತೆ ಬಾಗಿದ ಅಂಗಾಲು, ಓಟದಲ್ಲಿ ತಲೆ ಅಲುಗಾಡದಂತೆ ಹಿಡಿದಿಡುವ ಕುತ್ತಿಗೆಯ ಬಂಧ — ಇವೆಲ್ಲವೂ ದೂರದ ಓಟಕ್ಕೆಂದೇ ರೂಪುಗೊಂಡಂತಿವೆ ಎಂದು ಅಮೆರಿಕದ ಬ್ರಾಂಬಲ್ ಮತ್ತು ಲೀಬರ್‌ಮನ್ ಎಂಬ ವಿದ್ವಾಂಸರು 2004ರಲ್ಲಿ ವಾದಿಸಿದರು. ಸುಮಾರು ಇಪ್ಪತ್ತು–ಮೂವತ್ತು ಲಕ್ಷ ವರ್ಷಗಳ ಹಿಂದೆ ಮನುಷ್ಯನ ಪೂರ್ವಜರಲ್ಲಿ ಒಂದು ವಂಶವಾಹಿ ಕೆಟ್ಟು ನಿಂತುಹೋಯಿತು. ಅದೇ ವಂಶವಾಹಿಯನ್ನು ಇಲಿಗಳಲ್ಲಿ ನಿಲ್ಲಿಸಿ ನೋಡಿದ ಸಂಶೋಧಕರು, ಆ ಇಲಿಗಳು ಉಳಿದವುಗಳಿಗಿಂತ ಹೆಚ್ಚು ಹೊತ್ತು ದಣಿಯದೆ ಓಡಿದುವೆಂದು 2018ರಲ್ಲಿ ಪ್ರಕಟಿಸಿದರು. ಹೀಗೆ ಏನೋ ಒಂದು ಕೆಟ್ಟುದರಿಂದಲೇ ಒಳ್ಳೆಯದಾದ ಉದಾಹರಣೆ ಸೃಷ್ಟಿಯಲ್ಲಿ ಒಂದೆರಡಲ್ಲ. ಮುಖ್ಯವಾದ ಮಾತೆಂದರೆ, ಈ ಪಿತ್ರಾರ್ಜಿತ ಯಾವುದೊಂದು ಜಾತಿಯ, ಯಾವುದೊಂದು ದೇಶದ ಸೊತ್ತಲ್ಲ. ಕುಮಾರಪರ್ವತವನ್ನು ಹತ್ತುವವನಿಗೂ, ಪಟ್ಟಣದಲ್ಲಿ ಎರಡನೆಯ ಮಹಡಿಗೆ ಲಿಫ್ಟನ್ನು ಕಾಯುವವನಿಗೂ ಇದರಲ್ಲಿ ಸಮಪಾಲು.

ಎರಡು ಕೇನ್ಯಗಳು

ಹಾಗಿದ್ದರೆ ಕೆಲವರು ಮಾತ್ರ ಅಸಾಧಾರಣ ಓಟಗಾರರಾಗುವುದು ಹೇಗೆ? ಈ ಪ್ರಶ್ನೆಗೆ ಬರುವ ಮುನ್ನ ಕಡಬ ತಾಲೂಕಿನ ಒಂದು ಸೋಜಿಗವನ್ನು ಹೇಳಬೇಕು. ಬಳ್ಪದ ನೆರೆಯಲ್ಲಿ ಒಂದು ಗ್ರಾಮವಿದೆ. ಅದರ ಹೆಸರು ಕೇನ್ಯ! ದೂರದ ಓಟವೆಂದೊಡನೆ ಜಗತ್ತಿನ ಬಾಯಲ್ಲಿ ಬರುವ ಆಫ್ರಿಕದ ದೇಶದ ಹೆಸರೂ ಹೆಚ್ಚುಕಡಮೆ ಇದೇ ತಾನೆ? ಆ ಕೇನ್ಯಾದ ಎಲಿಯುಡ್ ಕಿಪ್ಚೊಗೆ 2019ರ ಅಕ್ಟೋಬರಿನಲ್ಲಿ ವಿಯೆನ್ನಾ ನಗರದಲ್ಲಿ ಮ್ಯಾರಥಾನಿನ 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಓಡಿ ಮುಗಿಸಿದನು. ವಿಶೇಷ ಏರ್ಪಾಡಿನ ಓಟವಾದುದರಿಂದ ಅದು ಅಧಿಕೃತ ದಾಖಲೆಯೆಂದು ಗಣನೆಗೆ ಬರಲಿಲ್ಲವಾದರೂ, ಎರಡು ಗಂಟೆಯ ಗೆರೆಯನ್ನು ಮನುಷ್ಯನ ಕಾಲು ದಾಟಬಲ್ಲುದೆಂಬುದು ಅಂದು ಸಿದ್ಧವಾಯಿತು. ಇಲ್ಲಿಯ ಕೇನ್ಯಕ್ಕೂ ಅಲ್ಲಿಯ ಕೇನ್ಯಾಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಆದರೆ ಎರಡನ್ನೂ ಎದುರುಬದುರಿಗೆ ಇಟ್ಟು ನೋಡುವುದರಿಂದ ವಂಶವಾಹಿಯ ಗುಟ್ಟು ಒಂದಿಷ್ಟು ತೆರೆಯುತ್ತದೆ.

ಕೇನ್ಯಾದ ಹೆಸರಾಂತ ಓಟಗಾರರಲ್ಲಿ ಬಹುಮಂದಿ ಕಲೆಂಜಿನ್ ಎಂಬ ಜನವರ್ಗಕ್ಕೆ ಸೇರಿದವರು. ಅವರ ನೆಲ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರು ಮೇಲೆ. ಅಂದರೆ ಕುಮಾರಪರ್ವತದ ತುದಿಗಿಂತಲೂ ಎತ್ತರದಲ್ಲಿ ಅವರ ಮನೆ, ಹೊಲ, ಶಾಲೆ. ಗಾಳಿ ತೆಳುವಾದಲ್ಲಿ ದೇಹವು ಹೆಚ್ಚು ಕೆಂಪುರಕ್ತಕಣಗಳನ್ನು ಸೃಷ್ಟಿಸಿಕೊಳ್ಳುತ್ತದೆ. ಸಪೂರವಾದ ಕಣಕಾಲಿನಿಂದಾಗಿ ಪ್ರತಿ ಹೆಜ್ಜೆಗೂ ಅವರಿಗೆ ಖರ್ಚು ಕಡಮೆ. ಅಲ್ಲಿಯ ಹಳ್ಳಿಗಳಲ್ಲಿ ಓಟವೆಂದರೆ ಬಡತನದಿಂದ ಬಿಡುಗಡೆಗೊಳಿಸುವ ಒಂದು ಉದ್ಯೋಗವೂ ಹೌದು. ಇವುಗಳಲ್ಲಿ ವಂಶದ ಪಾಲೆಷ್ಟು, ನೆಲದ ಪಾಲೆಷ್ಟು, ಹಂಬಲದ ಪಾಲೆಷ್ಟು? ವಿಜ್ಞಾನಿಗಳು ಒಂದೊಂದೇ ವಂಶವಾಹಿಯನ್ನು ಹಿಡಿದು ಶೋಧಿಸಿದರು. ಸ್ನಾಯುವಿನ ಶೀಘ್ರತಂತುಗಳಿಗೆ ಬೇಕಾದ ಒಂದು ಪ್ರೋಟೀನನ್ನು ಕಟ್ಟುವ ಎ.ಸಿ.ಟಿ.ಎನ್. 3 ಎಂಬ ವಂಶವಾಹಿ ಜಗತ್ತಿನ ಸುಮಾರು ಐವರಲ್ಲಿ ಒಬ್ಬರಿಗೆ ಕೆಲಸ ಮಾಡುವುದಿಲ್ಲ. ಅದು ಕೆಲಸ ಮಾಡದವರು ಶ್ರೇಷ್ಠ ವೇಗದ ಓಟಗಾರರ ಸಾಲಿನಲ್ಲಿ ತೀರ ವಿರಳವೆಂದು ಆಸ್ಟ್ರೇಲಿಯದ ಸಂಶೋಧಕರು 2003ರಲ್ಲಿ ಕಂಡರು. ವೇಗಕ್ಕೆ ಅಡ್ಡಿಯಾದದ್ದು ದೂರಕ್ಕೆ ಅನುಕೂಲವಾಗಿರಬೇಕೆಂದು ಕೆಲವರು ತರ್ಕಿಸಿದರು. ಆದರೆ ಕೇನ್ಯಾದಲ್ಲಿ ಪರೀಕ್ಷಿಸಿದಾಗ ಅಂಥವರು ನೂರಕ್ಕೆ ಒಬ್ಬರಂತೆ ಮಾತ್ರ ಸಿಕ್ಕಿದರು! ದೂರದ ಓಟದ ತವರಿನಲ್ಲಿಯೇ ಆ ತರ್ಕ ಮುಗ್ಗರಿಸಿತು.

ಒಂದೇ ವಂಶವಾಹಿ ಪವಾಡವನ್ನು ಮಾಡಿದ ಉದಾಹರಣೆಯೂ ಇಲ್ಲದಿಲ್ಲ. ಫಿನ್ಲೆಂಡಿನ ಈರೊ ಮಾಂಟಿರಾಂಟ ಎಂಬವನು ಹಿಮದ ಮೇಲೆ ದೂರದ ಸ್ಕೀ ಓಟದ ವೀರ. 1964ರ ಇನ್ಸ್‌ಬ್ರುಕ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದವನು. ಅವನ ರಕ್ತದಲ್ಲಿ ಕೆಂಪುಕಣಗಳು ಇತರರಿಗಿಂತ ಬಹಳ ಹೆಚ್ಚು. ಕೆಂಪುಕಣಗಳ ಉತ್ಪಾದನೆಗೆ ಕಡಿವಾಣ ಹಾಕುವ ಏರ್ಪಾಡಿನಲ್ಲಿ ಅವನ ಕುಟುಂಬಕ್ಕೆ ಹುಟ್ಟಿನಿಂದಲೇ ಒಂದು ಬದಲಾವಣೆ ಬಂದಿತ್ತೆಂದು 1993ರಲ್ಲಿ ತಿಳಿಯಿತು. ಆದರೆ ಅದೇ ವಂಶವಾಹಿಯನ್ನು ಪಡೆದ ಅವನ ಬಂಧುಗಳೆಲ್ಲರೂ ಒಲಿಂಪಿಕ್ ವೀರರಾಗಲಿಲ್ಲ. ಹುಟ್ಟು ಬಾಗಿಲನ್ನು ತೆರೆಯಬಹುದು. ಒಳಕ್ಕೆ ನಡೆಯಬೇಕಾದವನು ಮನುಷ್ಯನೇ.

ಸಾಮಾನ್ಯರ ವಿಷಯವೇನು? ಅಮೆರಿಕ–ಕೆನಡಗಳ ಸಂಶೋಧಕರು ವ್ಯಾಯಾಮದ ಅಭ್ಯಾಸವೇ ಇಲ್ಲದ 98 ಕುಟುಂಬಗಳ 481 ಮಂದಿಗೆ ಇಪ್ಪತ್ತು ವಾರಗಳ ಕಾಲ ಒಂದೇ ಕ್ರಮದ ಸಾಧನೆಯನ್ನು ಮಾಡಿಸಿ, ಪರಿಣಾಮವನ್ನು 1999ರಲ್ಲಿ ಪ್ರಕಟಿಸಿದರು. ಪ್ರಾಣವಾಯುವನ್ನು ಬಳಸಿಕೊಳ್ಳುವ ಶಕ್ತಿ ಕೆಲವರಲ್ಲಿ ಬಹಳ ಹೆಚ್ಚಿತು. ಕೆಲವರಲ್ಲಿ ಹೆಚ್ಚಿತೋ ಇಲ್ಲವೋ ಎಂಬಂತಿತ್ತು. ಈ ಅಂತರದಲ್ಲಿ ಅರ್ಧದಷ್ಟಕ್ಕೆ ಸಮೀಪದ ಪಾಲು ಕುಟುಂಬದಿಂದ ಬಂದುದೆಂದು ಅವರ ಅಂದಾಜು. ಅಂದರೆ ಅಭ್ಯಾಸದಿಂದ ಎಷ್ಟು ಫಲವೆಂಬುದರಲ್ಲಿಯೂ ವಂಶದ ಕೈಯಿದೆ. ಆದರೆ ಅಭ್ಯಾಸವನ್ನೇ ಮಾಡದವನಿಗೆ ತನ್ನ ವಂಶ ಏನು ಕೊಟ್ಟಿತ್ತೆಂದು ತಿಳಿಯುವ ಉಪಾಯವೇ ಇಲ್ಲ.

ಇಲ್ಲಿ ತುಳುನಾಡಿಗೆ ಒಪ್ಪುವ ಇನ್ನೊಂದು ಸ್ವಾರಸ್ಯವುಂಟು. ಮೇಲೆ ಹೇಳಿದ ಮೈಟೊಕಾಂಡ್ರಿಯ ಎಂಬ ಒಲೆಗಳಿಗೆ ತಮ್ಮದೇ ಆದ 37 ವಂಶವಾಹಿಗಳಿವೆ. ಅವು ಮಗುವಿಗೆ ಬರುವುದು ತಾಯಿಯಿಂದ, ತಂದೆಯಿಂದಲ್ಲ. ತಾಯಿಯ ಬಳಿಯೇ ಮಕ್ಕಳ ಬಳಿ ಎಂದು ಅಳಿಯಸಂತಾನದ ಕಟ್ಟಿನಲ್ಲಿ ಬದುಕಿದ ಮನೆತನಗಳಿಗೆ ಈ ಮಾತು ಹೊಸದಾಗಿ ಕೇಳಿಸಲಾರದು. ದೇಯಿ ಬೈದೆತಿಯ ಮಕ್ಕಳೆಂದೇ ಕೋಟಿ–ಚೆನ್ನಯರನ್ನು ನೆನೆಯುವ ನಾಡಿನಲ್ಲಿ, ದೂರ ನಡೆಯುವ ಕಾಲಿನ ಒಲೆಯನ್ನು ಹೊತ್ತಿಸಿದವಳು ತಾಯಿ ಎಂದರೆ ಯಾರು ತಾನೆ ಅಲ್ಲಗಳೆದಾರು?

ತಳಿಯೂ ಮಣ್ಣೂ

ತಳಿ ಹೆಚ್ಚೋ ಮಣ್ಣು ಹೆಚ್ಚೋ ಎಂಬ ಈ ವಾದವನ್ನು ಕೃಷಿಕನ ಮುಂದಿಟ್ಟರೆ ಅವನು ನಕ್ಕುಬಿಟ್ಟಾನು. ಎರಡೂ ಬೇಕೆಂಬುದು ಅವನಿಗೆ ಅನುಭವದಿಂದ ಗೊತ್ತು. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಲ್ಲಿ ಸ್ಥಾಪನೆಯಾದ ಗೇರು ಸಂಶೋಧನ ಕೇಂದ್ರವಿದೆ. ಗೇರುಮರದ ಹೂವಿಗೆ ಬೇರೆ ಮರದ ಪರಾಗವೂ ಸೇರುವುದರಿಂದ, ಉತ್ತಮವಾದ ಮರದ ಬೀಜವನ್ನು ಬಿತ್ತಿದ ಮಾತ್ರಕ್ಕೆ ತಾಯಿಯಂತಹುದೇ ಮರ ಹುಟ್ಟುವುದಿಲ್ಲ. ಅದಕ್ಕಾಗಿಯೇ ಕಸಿ ಕಟ್ಟುತ್ತಾರೆ. ಹೀಗೆ ಕಸಿಯಿಂದ ಬಂದ, ತಳಿಯಲ್ಲಿ ಒಂದಿಷ್ಟೂ ಭೇದವಿಲ್ಲದ ಎರಡು ಗಿಡಗಳಲ್ಲಿ ಒಂದನ್ನು ಬರಡು ಕಲ್ಲುನೆಲದಲ್ಲಿಯೂ ಇನ್ನೊಂದನ್ನು ಗೊಬ್ಬರ ಬಿದ್ದ ಮಣ್ಣಿನಲ್ಲಿಯೂ ನೆಟ್ಟರೆ ಫಲ ಒಂದೇ ಆಗುವುದೆ? ಕಡಬ ತಾಲೂಕಿನ ನೆಟ್ಟಣದ ಬಳಿ ಕಿದು ಎಂಬಲ್ಲಿ ಹಲವು ನಾಡುಗಳ ತೆಂಗಿನ ತಳಿಗಳನ್ನು ಕಾಪಾಡುವ ಅಂತಾರಾಷ್ಟ್ರೀಯ ತಳಿಸಂಗ್ರಹವಿದೆ. ಎತ್ತರದ ತೆಂಗು, ಗಿಡ್ಡ ತೆಂಗು, ಬಣ್ಣಬಣ್ಣದ ಎಳನೀರು — ಜಾತಿ ಹಲವು. ಒಂದೊಂದರ ಗುಣವೂ ಒಂದೊಂದು ಬಗೆ. ಆದರೆ ಕುಮಾರಧಾರೆಯ ಸೀಮೆಯ ಮಳೆಯೂ ಆಳುಗಳ ಆರೈಕೆಯೂ ಇಲ್ಲದೆ ಯಾವ ಗುಣವೂ ಗೊನೆಯಾಗಿ ತೂಗದು.

ಮನುಷ್ಯರ ವಿಷಯದಲ್ಲಿ ಇದಕ್ಕೆ ಸಾಕ್ಷಿ ಬೇಕೆಂದರೆ ಸುಳ್ಯ ತಾಲೂಕಿನ ರಬ್ಬರು ತೋಟಗಳಿಗೆ ಬೆಳಗಿನ ಜಾವ ಹೋಗಬೇಕು. 1964ರ ಭಾರತ–ಸಿಂಹಳ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳು ಹಲವು ಇಲ್ಲಿಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆ ನಿಂತವು. ಹೊತ್ತು ಏರಿದಂತೆ ಮರದ ಹಾಲು ಇಳಿಮುಖವಾಗುವುದರಿಂದ ಅವರು ನಸುಕಿನಲ್ಲಿಯೇ ತಲೆಗೆ ದೀಪ ಕಟ್ಟಿಕೊಂಡು ಹೊರಡುತ್ತಾರೆ. ಒಬ್ಬೊಬ್ಬರ ಪಾಲಿಗೆ ಮುನ್ನೂರರ ಆಸುಪಾಸಿನ ಮರಗಳು. ಒಂದೊಂದರ ಬುಡದಲ್ಲಿಯೂ ನಿಂತು, ಬಾಗಿ, ತೊಗಟೆಯನ್ನು ನಾಜೂಕಾಗಿ ಕೊರೆದು, ಇಳಿಜಾರಿನಲ್ಲಿ ಮುಂದಿನ ಮರಕ್ಕೆ ನಡೆಯಬೇಕು. ಕೊರೆದು ಮುಗಿದ ಮೇಲೆ ಹಾಲನ್ನು ಕೂಡಿಸಲು ಮತ್ತೆ ಅದೇ ಸುತ್ತು. ಅವರಲ್ಲಿ ಹೆಂಗಸರೂ ಬಹಳ. ಅವರ ಪೂರ್ವಜರು ಈ ಗುಡ್ಡೆಗಳಲ್ಲಿ ಹುಟ್ಟಿದವರಲ್ಲ. ಬಯಲಿನ ತಮಿಳುನಾಡಿನಿಂದ ಕಡಲಾಚೆಗೆ ಹೋಗಿ ಬಂದವರು. ಆದರೂ ಇಂದು ಈ ಏರಿಳಿತ ಅವರ ಕಾಲಿಗೂ ಒಗ್ಗಿದೆ. ಅಡಿಕೆಯ ತೋಟದಲ್ಲಿ ಕಾಲಿಗೆ ತಳೆ ತೊಟ್ಟು ಮರವೇರಿ, ಮರದಿಂದ ಮರಕ್ಕೆ ಜೀಕುತ್ತ ಸಾಗುವ ಕೊನೆಗಾರನ ಕಥೆಯೂ ಇದೇ. ಯಾವ ಮನೆತನದಲ್ಲಿ ಹುಟ್ಟಿದನೆಂದು ಮರ ಕೇಳುವುದಿಲ್ಲ. ಎಷ್ಟು ದಿನದಿಂದ ಹತ್ತುತ್ತಿದ್ದಾನೆಂದು ಮಾತ್ರ ಕೇಳುತ್ತದೆ.

ರಕ್ತದ ಮಾತಿನ ಅಪಾಯ

ಇಷ್ಟು ವಿವರಿಸುವುದಕ್ಕೆ ಕಾರಣವಿದೆ. ‘ಅದು ಅವರ ರಕ್ತದಲ್ಲಿಯೇ ಬಂದದ್ದು’ ಎಂಬ ಮಾತು ಹೊಗಳಿಕೆಯಂತೆ ಕೇಳಿಸಿದರೂ ಅದರ ಬೆನ್ನಿಗೆ ಒಂದು ಕೆಡುಕು ಅಂಟಿಕೊಂಡಿದೆ. ಉತ್ತರ ಕನ್ನಡದ ಕಾಡಿನಂಚಿನ ಸಿದ್ದಿ ಜನ ಆಫ್ರಿಕದ ಮೂಲದವರೆಂಬ ಕಾರಣದಿಂದ, 1980ರ ದಶಕದ ಕೊನೆಯಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದನ್ನು ಹಾಕಿ ಅವರ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವರು ಅಂತಾರಾಷ್ಟ್ರೀಯ ಕೂಟಗಳಲ್ಲಿ ಪದಕಗಳನ್ನೂ ಗೆದ್ದರು. ಆದರೆ 1990ರ ದಶಕದಲ್ಲಿ ಯೋಜನೆ ನಿಂತಾಗ, ರಕ್ತವೊಂದರಿಂದಲೇ ಯಾರೂ ಓಡಲಿಲ್ಲ. ಅಂಗಣ, ಗುರು, ಆಹಾರ, ಉದ್ಯೋಗದ ಭರವಸೆ ಇವೆಲ್ಲವೂ ತಪ್ಪಿ ಹಲವು ತರುಣರು ಹಿಂದಿನ ಕೂಲಿನಾಲಿಗೆ ಮರಳಬೇಕಾಯಿತು. ಇನ್ನೂ ಒಂದು ಮಾತು: ಹೈದರಾಬಾದಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸಿದ್ದಿಗಳ ಆಫ್ರಿಕದ ಪೂರ್ವಜರು ಬಂಟು ಭಾಷೆಗಳ ಜನರಿಗೆ ಸಮೀಪದವರು. ದೂರದ ಓಟದ ಕಲೆಂಜಿನ್ನರಾದರೋ ಬೇರೆಯೇ ಆದ ನೈಲ್ ಕಣಿವೆಯ ಭಾಷಾಕುಲದವರು. ಆಫ್ರಿಕವೆಂಬುದು ಒಂದು ರಕ್ತವಲ್ಲ; ಮಾನವಕುಲದ ವೈವಿಧ್ಯವೆಲ್ಲಕ್ಕಿಂತ ಹೆಚ್ಚಾಗಿರುವುದು ಆ ಖಂಡದಲ್ಲಿಯೇ.

ಕಂಬಳದ ಕರೆಯಲ್ಲಿಯೂ ಇಂಥ ಅವಸರದ ತೀರ್ಪು ಕೇಳಿಬಂದದ್ದುಂಟು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ಪತ್ರಿಕೆಗಳು ಲೆಕ್ಕ ಹಾಕಿ ಅವರನ್ನು ಜಗದ್ವೀರರ ಪಕ್ಕದಲ್ಲಿ ನಿಲ್ಲಿಸಿದವು. ಕ್ರೀಡಾ ಪ್ರಾಧಿಕಾರದ ಕರೆಯೂ ಬಂದಿತು. ಅವರು ವಿನಯದಿಂದ ನಿರಾಕರಿಸಿದರು. ಕೆಸರಿನಲ್ಲಿ ಕೋಣದ ಸೆಳೆತದೊಡನೆ ಓಡುವ ಕಲೆ ಬೇರೆ, ಬರಿಯ ಅಂಗಣದ ಓಟ ಬೇರೆ. ಹದಿಮೂರು ಸೆಕೆಂಡಿನ ಮಿಂಚು ಬೇರೆ, ಎರಡು ಗಂಟೆಗಳ ತಾಳ್ಮೆ ಬೇರೆ. ಪುತ್ತೂರಿನ ಕೋಟಿ–ಚೆನ್ನಯ ಜೋಡುಕರೆ ಕಂಬಳವನ್ನು ನೋಡಲು ಬರುವವರು ಅದರ ಸೊಗಸನ್ನು ಅದರದೇ ಅಳತೆಯಿಂದ ಅಳೆಯುವುದು ಲೇಸು. ದೂರದ ಓಟದ ಮೇಲ್ಪಂಕ್ತಿಗೆ ಭಾರತದಲ್ಲಿ ಬೇರೆ ಹೆಸರುಂಟು. ಬಿಹಾರದ ಶಿವನಾಥ ಸಿಂಗ್ ಹಲವು ವೇಳೆ ಬರಿಗಾಲಿನಲ್ಲಿಯೇ ಓಡಿ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾದರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮುಗಿಸಿದ ಅವರ ಓಟ ರಾಷ್ಟ್ರೀಯ ದಾಖಲೆಯಾಗಿ ದಶಕಗಳವರೆಗೆ ಅಳಿಯದೆ ನಿಂತಿತು.

ಮುಂದಿನ ಹೆಜ್ಜೆ

ಇಂದು ಪುತ್ತೂರು, ಸುಳ್ಯ, ಕಡಬಗಳ ಗುಡ್ಡೆಗಳಿಗೂ ಡಾಂಬರು ಏರಿದೆ. ಶಾಲೆಯ ವಾಹನ ತೋಟದ ಗೇಟಿಗೆ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತದೆ. ಮುದುಕರೂ ಸ್ಕೂಟರಿನ ಹಿಂಬದಿಯಲ್ಲಿ ಕುಳಿತು ಪೇಟೆಗೆ ಬರುತ್ತಾರೆ. ಇದಕ್ಕಾಗಿ ಹಳಹಳಿಸುವುದು ನ್ಯಾಯವಲ್ಲ. ಹಿಂದಿನ ನಡಿಗೆ ಆನಂದದ ನಡಿಗೆಯಾಗಿರಲಿಲ್ಲ, ಅನಿವಾರ್ಯದ ನಡಿಗೆ. ಆಷಾಢದ ಪ್ರವಾಹದಲ್ಲಿ ಸಂಕ ಕೊಚ್ಚಿಹೋದರೆ ಮಕ್ಕಳಿಗೆ ಶಾಲೆಯಿಲ್ಲ, ಬಾಣಂತಿಗೆ ವೈದ್ಯನಿಲ್ಲ. ದೂರದ ಕಾರಣಕ್ಕೆ ಓದು ನಿಲ್ಲಿಸಿದ ಹೆಣ್ಣುಮಕ್ಕಳ ಪಾಲಿಗೆ ‘ನಡೆದು ಗಟ್ಟಿಯಾದ ಕಾಲು’ ಎಂಬ ಹೊಗಳಿಕೆ ಯಾವ ಸಮಾಧಾನವನ್ನು ಕೊಟ್ಟೀತು?

ಆದರೆ ಅನಿವಾರ್ಯ ಹೋದಾಗ ಅದರ ಜಾಗದಲ್ಲಿ ಇಚ್ಛೆ ಬರಬೇಕು. ಬರದಿದ್ದರೆ ನಷ್ಟ ಮಕ್ಕಳದು. ಲಕ್ಷಾಂತರ ವರ್ಷಗಳಿಂದ ಹರಿದುಬಂದ ಶಕ್ತಿ ಪ್ರತಿಯೊಂದು ಮಗುವಿನ ಮೈಯಲ್ಲಿಯೂ ಬೀಜದಂತೆ ಅಡಗಿದೆ. ಕಿದುವಿನ ತಳಿಸಂಗ್ರಹದಲ್ಲಿ ಯಾವ ತೆಂಗನ್ನೂ ನೀರೆರೆಯುವ ಮೊದಲೇ ‘ಇದು ಫಲ ಕೊಡದು’ ಎಂದು ಕಿತ್ತೆಸೆಯುವುದಿಲ್ಲ. ಶಾಲೆಗಳಲ್ಲಿಯಾದರೋ ಆಟದ ಅವಧಿ ಗಣಿತದ ಪಾಲಾಗುತ್ತದೆ. ‘ನಮ್ಮ ವಂಶದಲ್ಲಿ ಯಾರೂ ಓಟಗಾರರಿಲ್ಲ’ ಎಂದು ತಾಯಿತಂದೆಯರೇ ತೀರ್ಪು ಕೊಟ್ಟುಬಿಡುತ್ತಾರೆ. ವಂಶದಲ್ಲಿ ಏನಿದೆಯೆಂದು ತಿಳಿಯಲು ಮಗು ಮೊದಲು ಓಡಬೇಕಲ್ಲವೆ? ಎಲ್ಲರೂ ಒಲಿಂಪಿಕ್ಸಿಗೆ ಹೋಗಬೇಕಾಗಿಲ್ಲ. ರಜೆಯಲ್ಲಿ ಸಂಸಾರಸಮೇತರಾಗಿ ಕುಕ್ಕೆಗೆ ಬಂದವರು ದೇವರ ದರ್ಶನವಾದ ಮೇಲೆ ಕುಮಾರಧಾರೆಯ ಸ್ನಾನಘಟ್ಟದವರೆಗೆ ಮಕ್ಕಳ ಕೈಹಿಡಿದು ನಡೆದರೂ ಸಾಕು. ಅದು ಒಳ್ಳೆಯ ಆರಂಭ.

ಇದಕ್ಕೆ ಸುಳ್ಯದಲ್ಲಿಯೇ ಒಂದು ಮಾದರಿಯುಂಟು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ಊರವರೊಡಗೂಡಿ ಗಿರೀಶ್ ಭಾರದ್ವಾಜರು ಒಂದು ತೂಗುಸೇತುವೆಯನ್ನು ಕಟ್ಟಿದರು. ಅಂಥ ಸೇತುವೆಗಳನ್ನು ಮುಂದೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ಸೇತುವೆ ವಾಹನಕ್ಕೆ ಮಾಡಿದ್ದಲ್ಲ, ನಡೆಯುವವರಿಗೆ ಮಾಡಿದ್ದು. ಹೊಳೆಯ ಭಯವನ್ನು ಅದು ತೆಗೆದುಹಾಕಿತು. ಕಾಲಿನ ಕೆಲಸವನ್ನು ಕಾಲಿಗೇ ಬಿಟ್ಟಿತು.